ಒಬ್ಬನೇ ಎಲ್ಲವೂ ಆದಾಗ

ಚಾಮರಾಜಪುರಂ ರೈಲುನಿಲ್ದಾಣದ ಸಮೀಪದಲ್ಲಿರುವ ನಮ್ಮ ಮನೆಗೆ ಬರುವ ನೆಂಟರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ದೂರದರ್ಶನದಲ್ಲಿ ತಾವು ಮಾಡುತ್ತಿದ್ದ ಕೆಲಸವಾದರೂ ಏನು?" ಇದಕ್ಕೆ ಉತ್ತರ ಹೇಳುವುದು ನನಗೆ ಇಂದಿಗೂ ಕಷ್ಟ. ವೈದ್ಯನಿಗೆ, ಬಡಗಿಗೆ, ಉಪಾಧ್ಯಾಯನಿಗೆ ಒಂದೊಂದು ಹೆಸರುಂಟು. ನಾನಾದರೋ ಹಣವನ್ನೂ ಜನವನ್ನೂ ಹೊಂದಿಸುವ ನಿರ್ಮಾಪಕ; ದೃಶ್ಯ ಹೀಗಿರಬೇಕೆಂದು ನಿರ್ಣಯಿಸುವ ನಿರ್ದೇಶಕ; ಬರೆಯುವವರು ಬಾರದ ದಿನ ಬರೆಹಗಾರ; ಕ್ಯಾಮೆರಾ ಹಿಡಿಯುವವರಿಗೆ ಜ್ವರ ಬಂದರೆ ಅದನ್ನೂ ಹಿಡಿದವನು; ರಾತ್ರಿ ಕುಳಿತು ಸಂಕಲನ ಮಾಡಿದವನೂ ನಾನೇ. ಮದುವೆಮನೆಯ ಸೋದರಮಾವನ ಪಾಡೆಂದರೆ ಸರಿಹೋದೀತು.

ಇದರಲ್ಲಿ ನನಗೆ ಹೆಮ್ಮೆಯೇನೂ ಕಡಮೆ ಇರಲಿಲ್ಲ. ನಮ್ಮ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು; ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದಿತಷ್ಟೆ. ಪಾಠ ಹೇಳುವವರು ಪ್ರಸಾರವನ್ನೂ ನಡೆಸಿದ ಊರಿನವನು, ಹಲವು ಕೆಲಸ ಬಲ್ಲೆನೆಂದು ಬೀಗಿದರೆ ತಪ್ಪೇನು ಎಂದುಕೊಂಡಿದ್ದೆ.

ತಪ್ಪು ಎಲ್ಲಿತ್ತೆಂಬುದು ಅನಂತರ ತಿಳಿಯಿತು. ಎಂಬತ್ತರ ದಶಕದಲ್ಲಿ ನನ್ನ ಸೋದರತ್ತೆಯನ್ನು ಕೂರಿಸಿ, ಆಕೆ ಬಲ್ಲ ಸಂಪ್ರದಾಯದ ಹಾಡುಗಳನ್ನು ಒಂದು ಗಂಟೆಯ ಕಾಲ ಚಿತ್ರೀಕರಿಸಿದೆ. ಪ್ರಸಾರವಾದದ್ದು ಹನ್ನೆರಡು ನಿಮಿಷ ಮಾತ್ರ. ಆ ಕಾಲದ ಮುಕ್ಕಾಲು ಅಂಗುಲದ ಟೇಪು ಬಲು ದುಬಾರಿ. ಹಳೆಯದನ್ನು ಅಳಿಸಿ ಹೊಸದನ್ನು ತುಂಬುವುದು ರೂಢಿಯಾಗಿತ್ತು. ಕೆಲವು ದಿನಗಳ ಮೇಲೆ ಒಂದು ನೃತ್ಯಕಾರ್ಯಕ್ರಮಕ್ಕೆ ಟೇಪು ಸಾಲದೆ ಬಂತು. ಬೀರುವಿನ ಬೀಗದಕೈ ನನ್ನಲ್ಲಿಯೇ ಇತ್ತು. ನನ್ನೊಳಗಿನ ನಿರ್ದೇಶಕ ಒಂದು ಕ್ಷಣ ಅನುಮಾನಿಸಿದ, ನಿರ್ಮಾಪಕ ಅವನ ಬಾಯಿ ಮುಚ್ಚಿಸಿದ, ಸಂಕಲನಕಾರ ಗುಂಡಿಯೊತ್ತಿದ. ಮೂವರೂ ನಾನೇ ಆಗಿದ್ದುದರಿಂದ "ತಾಳಯ್ಯ, ಇದು ಬೇಡ" ಎನ್ನುವ ನಾಲ್ಕನೆಯವರು ಅಲ್ಲಿರಲಿಲ್ಲ. ಪ್ರಸಾರವಾದ ಹನ್ನೆರಡು ನಿಮಿಷಕ್ಕೂ ಕಾಲಕ್ರಮದಲ್ಲಿ ಅದೇ ಗತಿಯಾಯಿತು.

ಮರುವರ್ಷ ಅತ್ತೆ ತೀರಿಕೊಂಡರು. ಆಕೆಯ ಮೊಮ್ಮಗಳ ಮದುವೆ ಗೊತ್ತಾದಾಗ ಮನೆಯವರು ಬಂದು, "ಅಜ್ಜಿಯ ಹಸೆಯ ಹಾಡು ನಿಮ್ಮಲ್ಲಿ ಇದ್ದೇ ಇರುತ್ತದಲ್ಲ, ಒಮ್ಮೆ ಕೇಳಿಸಿ, ನಾವು ಕಲಿತುಕೊಳ್ಳುತ್ತೇವೆ" ಎಂದರು. ನಾನು ತಲೆತಗ್ಗಿಸಿ ನಿಂತೆ. ಆ ಮದುವೆಯಲ್ಲಿ ಹಸೆಗೆ ಕರೆಯುವಾಗ ಬೇರೆ ಯಾವುದೋ ಹಾಡನ್ನು ಹೇಳಿದರು.

ಆಗೆಲ್ಲ ನನಗೆ ನೆನಪಾಗುತ್ತಿದ್ದುದು 'ಮಾಲ್ಗುಡಿ ಡೇಸ್'. ನಮ್ಮ ಊರಿನಲ್ಲಿಯೇ ಬಾಳಿದ ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರ್‌ನಾಗ್ 1986ರ ಸುಮಾರಿಗೆ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಶಂಕರ್ ನಟರು, ನಿರ್ದೇಶಕರು, ರಂಗಭೂಮಿಯವರು. 1990ರಲ್ಲಿ ಮೂವತ್ತೈದರ ವಯಸ್ಸಿಗೇ ಅಪಘಾತದಲ್ಲಿ ತೀರಿಕೊಳ್ಳುವ ಮುನ್ನ ಅವರು ಕೈಯಿಕ್ಕದ ಕೆಲಸ ವಿರಳ. ಹೀಗಿದ್ದರೂ ಆ ಧಾರಾವಾಹಿಯ ನಿರ್ಮಾಣ ಟಿ. ಎಸ್. ನರಸಿಂಹನ್ ಅವರದು, ಕಲಾನಿರ್ದೇಶನ ಜಾನ್ ದೇವರಾಜ್ ಅವರದು, ಸಂಗೀತ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ಆರ್. ಕೆ. ಲಕ್ಷ್ಮಣರವು. ಹಲವು ಕೆಲಸಗಳನ್ನು ಬಲ್ಲುದರ ಫಲ, ಎಲ್ಲವನ್ನೂ ತಾನೇ ಮಾಡುವುದಲ್ಲ; ಇನ್ನೊಬ್ಬರ ಕೆಲಸದ ಬೆಲೆಯನ್ನು ತಿಳಿಯುವುದು. ಈ ಮಾತು ನನಗೆ ಹೊಳೆದದ್ದು ಟೇಪು ಅಳಿಸಿದ ಮೇಲೆ.

ಈಗ ನನಗೆ ವಿಶ್ರಾಂತಿಯ ಕಾಲ. ಮನೆಮನೆಯಲ್ಲಿಯೂ ನಿರ್ಮಾಪಕ, ನಿರ್ದೇಶಕ, ಸಂಕಲನಕಾರರು ಒಂದೇ ಅಂಗೈಯ ಫೋನಿನಲ್ಲಿ ಅಡಗಿದ್ದಾರೆ. ಮೊನ್ನೆ ನನ್ನ ಮೊಮ್ಮಗಳು ತನ್ನ ಅಜ್ಜಿ ಮಾವಿನ ಮಿಡಿಗೆ ಉಪ್ಪು ಬೆರೆಸುತ್ತ ಗುನುಗುತ್ತಿದ್ದುದನ್ನು ಚಿತ್ರಿಸಿದ್ದಳು. ಸಂಜೆ, "ತಾತ, ಫೋನಿನಲ್ಲಿ ಜಾಗವಿಲ್ಲ, ಇದನ್ನು ಅಳಿಸಿಬಿಡಲೆ?" ಎಂದಳು.

ಆ ಮಗು ಕೇಳಿತು. ನಾನು ಅಂದು ಯಾರನ್ನೂ ಕೇಳಿರಲಿಲ್ಲ. "ಬೇಡಮ್ಮ" ಎಂದೆ. ಬಳಿಕ ಇಬ್ಬರೂ ಕುಳಿತು ಆ ಗುನುಗನ್ನು ಕಡೆಯವರೆಗೂ ಕೇಳಿದೆವು.