ಮರದ ಪಾತ್ರ

ಏಪ್ರಿಲ್ ಬಂತೆಂದರೆ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಅಂಗಳ ಮಕ್ಕಳ ಕೈಗೆ ಹೋಗುತ್ತದೆ. ಅದೇ ಚಿನ್ನರ ಮೇಳ, ಮಕ್ಕಳ ಬೇಸಿಗೆ ರಂಗಶಿಬಿರ! ಒಂದು ಗುಂಪು ಮುಖವಾಡಕ್ಕೆ ಕಾಗದ ಅಂಟಿಸುತ್ತಿದ್ದರೆ, ಇನ್ನೊಂದು ಗುಂಪು ತಾಳ ತಪ್ಪಿ ಹಾಡನ್ನು ಮತ್ತೆ ಮೊದಲಿಂದ ಶುರು ಮಾಡುತ್ತಿರುತ್ತದೆ. 1989ರಲ್ಲಿ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದವರು. ಮಕ್ಕಳನ್ನು ನಾಟಕ ಹೇಗೆ ಸೆಳೆಯುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಾಟಕ ಆಡಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ, ಉಚ್ಚಾರ ಸುಧಾರಿಸುತ್ತದೆ, ನಿಜ. ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ ಅಡಗುವ ಮಗು ಮುಖವಾಡ ಹಾಕಿದ ಕೂಡಲೇ ಗಟ್ಟಿ ದನಿಯಲ್ಲಿ ಮಾತಾಡುವುದನ್ನು ನೋಡಿದ್ದೇನೆ. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಪರೀಕ್ಷೆಯಲ್ಲಿ ಪಕ್ಕದವರನ್ನು ನೋಡಿದರೆ ತಪ್ಪು. ನಾಟಕದಲ್ಲಿ ನೋಡದಿದ್ದರೇ ತಪ್ಪು. ಅವನು ಮಾತು ಮರೆತರೆ ಇವಳು ಎತ್ತಿಕೊಡಬೇಕು. ಹಿಂದೆ ಮರವಾಗಿ ನಿಂತವನು ಸೊಳ್ಳೆ ಕಚ್ಚಿತೆಂದು ಕೈ ಕೆಳಗಿಳಿಸಿದರೆ ರಾಜನ ದೃಶ್ಯವೇ ಕೆಟ್ಟಿತು. ಅಂಕವಿಲ್ಲದ, ರ‍್ಯಾಂಕಿಲ್ಲದ ಈ ಜವಾಬ್ದಾರಿಯನ್ನು ಮಕ್ಕಳು ಎಷ್ಟು ಗಂಭೀರವಾಗಿ ಹೊರುತ್ತಾರೆ ಗೊತ್ತೇ? ವರ್ಷದ ಹತ್ತು ತಿಂಗಳು ಸ್ಪರ್ಧೆಯಲ್ಲೇ ಬೆಳೆಯುವ ಮಕ್ಕಳಿಗೆ ಇದು ಸಿಗಲೇಬೇಕು.

ಊರಲ್ಲಿ ರಂಗಮಂದಿರ ಇಲ್ಲವೇ? ಶಾಲೆಯ ಜಗಲಿ, ಹಳೆಯ ಸೀರೆಯ ಪರದೆ, ಒಂದು ತಮಟೆ, ಕಲಿಸುವ ಮನಸ್ಸಿರುವ ಒಬ್ಬರು ಸಾಕು.

ಅಪ್ಪ ಅಮ್ಮಂದಿರಲ್ಲಿ ಒಂದೇ ವಿನಂತಿ. ‘ನಿನಗೆ ಎಷ್ಟು ಡೈಲಾಗ್ ಕೊಟ್ಟರು?’ ಅಂತ ಕೇಳಬೇಡಿ. ಪ್ರದರ್ಶನದ ದಿನ ಮೊಬೈಲ್ ಜೇಬಿಗಿಟ್ಟು, ಮುಂದಿನ ಸಾಲಿನಲ್ಲಿ ಕೂತು, ನಿಮ್ಮ ಮನೆಯ ಮರವನ್ನು ಕಣ್ತುಂಬ ನೋಡಿ.