ತಾಡಪತ್ರಿ ಮತ್ತು ತಾಡಪತ್ರ

ಲಿಂಗಸುಗೂರಿನ ನಮ್ಮ ಹಳೆಯ ಮನೆಯ ಅಂಗಳದಲ್ಲಿ ತಂದೆಯವರು ಬಿಟ್ಟುಹೋದ ಅಂಬಾಸಿಡರ್ ಕಾರೊಂದು ನಿಂತಿದೆ. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಉತ್ತರಪಾರಾದ ತನ್ನ ಕಾರ್ಖಾನೆಯಲ್ಲಿ ಇದರ ತಯಾರಿಕೆಯನ್ನು 2014ರಲ್ಲಿ ನಿಲ್ಲಿಸಿತು. ಅದಕ್ಕೂ ಬಹಳ ಮೊದಲೇ ನಮ್ಮ ಕಾರು ಓಡಾಟದಿಂದ ನಿವೃತ್ತವಾಗಿತ್ತು. ನನ್ನ ಅಧ್ಯಾಪನ ಸಿಂಧನೂರಿನಲ್ಲಿ. ಅಲ್ಲಿಯ ಬಾಡಿಗೆ ಮನೆಯಲ್ಲಿ ಕಾರಿಗೆ ಸ್ಥಳವಿಲ್ಲ. ಆದ್ದರಿಂದ ಶನಿವಾರಗಳಲ್ಲಿ ಮಸ್ಕಿಯ ಮೇಲೆ ಹಾದು ಊರಿಗೆ ಹೋಗಿ ಅದನ್ನು ನೋಡಿ ಬರುವುದು ನನ್ನ ವಾಡಿಕೆ.

ತಂದೆಯವರು ತೀರಿಕೊಂಡ ವರ್ಷ, ಮಳೆಗಾಲಕ್ಕೆ ಮುಂಚೆ, ದಪ್ಪನೆಯ ಪ್ಲಾಸ್ಟಿಕ್ ತಾಡಪತ್ರಿಯೊಂದನ್ನು ತಂದು ಕಾರಿಗೆ ನೆಲದವರೆಗೂ ಹೊದಿಸಿ, ನಾಲ್ಕೂ ಕಡೆ ಹಗ್ಗ ಬಿಗಿದೆ. ಒಂದು ಹನಿಯೂ ಒಳಗೆ ಹೋಗದು ಎಂಬ ಸಮಾಧಾನ ನನ್ನದಾಗಿತ್ತು. ದೀಪಾವಳಿಗೆ ಹಗ್ಗ ಬಿಚ್ಚಿದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಬಾಗಿಲುಗಳ ಕೆಳ ಅಂಚು, ಚಕ್ರಗಳ ಮೇಲಿನ ಕಮಾನು, ಪಾದದ ಹಲಗೆ ಎಲ್ಲೆಡೆಯೂ ಬಣ್ಣ ಉಬ್ಬಿ, ಕೆಳಗೆ ಕೆಂಪು ತುಕ್ಕು ಹುಡಿಯಾಗಿ ಉದುರುತ್ತಿತ್ತು. ನನಗೆ ನಿಜವಾಗಿ ನೋವಾದದ್ದು ಬೇರೆಯದರಿಂದ. ತಂದೆಯವರು ಪೆಟ್ರೋಲು, ಮೈಲಿ, ಪ್ರಯಾಣದ ಊರುಗಳನ್ನು ಬರೆದಿಡುತ್ತಿದ್ದ ಪುಟ್ಟ ವಹಿಯೊಂದು ಮುಂದಿನ ಖಾನೆಯಲ್ಲಿತ್ತು. ಅದರ ಹಾಳೆಗಳು ಒಂದಕ್ಕೊಂದು ಅಂಟಿ, ಶಾಯಿ ಹರಡಿ, ಅಕ್ಷರಗಳು ಅಳಿಸಿಹೋಗಿದ್ದವು.

ನೋಡಲು ಬಂದ ಮೆಕ್ಯಾನಿಕ್ ಕೆಳಗೆ ಬಗ್ಗಿ ಕೈಯಾಡಿಸಿ ಹೇಳಿದ: "ಇದನ್ನ ಮಳಿ ತಿಂದಿಲ್ರಿ ಸರ್, ನೀವು ಮುಚ್ಚಿದ್ದ ತಿಂದೈತಿ. ಗಾಡಿಗೆ ಗಾಳಿ ಆಡಬೇಕ್ರಿ."

ಅವನ ಮಾತಿನಲ್ಲಿ ವಿಜ್ಞಾನವಿತ್ತು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ನಮ್ಮದು ಮಳೆ ಕಡಿಮೆಯ ಸೀಮೆ. ಆದರೆ ಎರೆಮಣ್ಣು ಹೀರಿದ ನೀರನ್ನು ಬೇಗನೆ ಬಿಡುವುದಿಲ್ಲ. ನೆಲದಿಂದ ಏಳುವ ಆವಿ ಗಾಳಿಯಾಡದ ಹೊದಿಕೆಯ ಕೆಳಗೆ ಸಿಕ್ಕಿಬಿದ್ದು, ರಾತ್ರಿ ತಣಿದ ತಗಡಿನ ಮೇಲೆ ಹನಿಗಟ್ಟುತ್ತದೆ. ಮಳೆಯ ನೀರು ಬಿಸಿಲಿಗೆ ಆರಬಹುದಾಗಿತ್ತು. ನಾನು ಕಟ್ಟಿಟ್ಟ ತೇವಕ್ಕೆ ಆರುವ ದಾರಿಯೇ ಇರಲಿಲ್ಲ.

ಹಸ್ತಪ್ರತಿಗಳ ಮೇಲೆ ಸಂಶೋಧನ ಪ್ರಬಂಧ ಬರೆದವನು ಇದನ್ನು ಮರೆತದ್ದು ನಾಚಿಕೆಯ ಸಂಗತಿ. ತಾಳೆಗರಿಯ ಕಟ್ಟುಗಳನ್ನು ನಮ್ಮ ಹಿರಿಯರು ಮರದ ಹಲಗೆಗಳ ನಡುವೆ ಇರಿಸಿ ಹತ್ತಿಯ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಬಟ್ಟೆ ಧೂಳನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಜೈನರು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜಿಸುತ್ತಾರೆ. ಅದು ಮುಂಗಾರಿನ ಹೊಸ್ತಿಲಲ್ಲಿ ಬರುವ ದಿನವೆಂಬುದನ್ನು ನಾನು ಪಂಚಾಂಗದಲ್ಲಿ ನೋಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ಮೂಡಬಿದಿರೆಯಲ್ಲಿ ಉಳಿದುಬಂದ ಧವಲಾ ಗ್ರಂಥದ ತಾಳೆಗರಿಗಳೂ ಬಹುಕಾಲ ದರ್ಶನಕ್ಕಷ್ಟೇ ತೆರೆಯುತ್ತಿದ್ದವು. ಪ್ರತಿ ಮಾಡುವ ಕೈಗಳು ಅವನ್ನು ಬಿಚ್ಚಿದ ಮೇಲೆಯೇ 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾಗಿ ಓದುಗರನ್ನು ಮುಟ್ಟಿತು.

ನಮ್ಮ ಸೀಮೆಯ ಆಡುಮಾತಿನಲ್ಲಿ ಟಾರ್ಪಾಲಿನ್ನಿಗೆ ತಾಡಪತ್ರಿ ಎಂದೇ ಹೆಸರು. ತಾಡಪತ್ರವನ್ನು ಓದಿದವನು ತಾಡಪತ್ರಿಯಿಂದ ಕೆಟ್ಟೆನಲ್ಲ ಎಂದು ಅಂದು ನಗುವೂ ಬಂದಿತು, ಅಳುವೂ ಬಂದಿತು.

ಬಳಿಕ ಮಾಡಿದ್ದು ಇಷ್ಟು. ಕಾರನ್ನು ಕಲ್ಲುಹಾಸಿನ ಮೇಲೆ ತಂದು, ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದೆವು. ತುಕ್ಕನ್ನು ಬಿಳಿ ತಗಡು ಕಾಣುವವರೆಗೆ ಉಜ್ಜಿ, ಅಂದೇ ರೆಡಾಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಿದೆವು. ಬಾಗಿಲುಗಳ ತಳದಲ್ಲಿ ನೀರು ಇಳಿಯಲೆಂದೇ ಇರುವ ಸಣ್ಣ ರಂಧ್ರಗಳಲ್ಲಿ ಗಟ್ಟಿಯಾಗಿದ್ದ ಮಣ್ಣನ್ನು ತಂತಿಯಿಂದ ತೆಗೆದೆವು. ನಾಲ್ಕು ಕಂಬಗಳ ಮೇಲೆ ತಗಡಿನ ಚಪ್ಪರ ಹಾಕಿಸಿದೆ. ಕಾರಿನ ಮೇಲೆ ಈಗ ಹತ್ತಿಯ ಹೊದಿಕೆ ಮಾತ್ರ. ಹೊದಿಕೆ ತೊಯ್ದರೆ ಅದನ್ನು ತೆಗೆದು ಒಣಗಿಸಬೇಕು. ಹ್ಯಾಂಡ್ ಬ್ರೇಕ್ ಎಳೆದಿಡುವುದಿಲ್ಲ. ಎಳೆದಿಟ್ಟರೆ ಬ್ರೇಕು ಹಿಡಿದುಕೊಂಡುಬಿಡುತ್ತದೆ. ಬಿಸಿಲಿದ್ದ ದಿನ ನಾಲ್ಕೂ ಬಾಗಿಲು ತೆರೆದು ಕೆಲಹೊತ್ತು ಬಿಡುತ್ತೇನೆ.

ದಾರಿಯಲ್ಲಿ ಸಿಗುವ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಶಾಸನದಲ್ಲಿ ಅಶೋಕನ ಹೆಸರು ಇಂದಿಗೂ ಉಳಿದಿದೆ. ಅದೇ ಊರಿನಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನವು ಬೃಹತ್ ಶಿಲಾಯುಗದ ಜನರ ಕಬ್ಬಿಣದ ಬದುಕನ್ನೂ ತೋರಿಸಿತು. ಬಂಡೆಗೆ ಕಾವಲು ಬೇಕಾಗದಿರಬಹುದು. ಕಬ್ಬಿಣಕ್ಕೆ ಮತ್ತು ಕಾಗದಕ್ಕೆ ಬೇಕು.

ವಹಿಯ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ನೆರಳಿನಲ್ಲಿ ಆರಿಸಿದೆ. ಹನ್ನೊಂದು ಪುಟಗಳು ಓದಲು ಬರುತ್ತವೆ. ಒಂದರಲ್ಲಿ ತಂದೆಯವರ ಕೈಬರಹ ಸ್ಪಷ್ಟವಾಗಿದೆ: ಲಿಂಗಸುಗೂರು, ಮಸ್ಕಿ, ಸಿಂಧನೂರು. ನನ್ನನ್ನು ಮೊದಲ ಬಾರಿ ಕೆಲಸಕ್ಕೆ ಬಿಟ್ಟುಬಂದ ದಿನದ ಲೆಕ್ಕವದು.