ಮುಡಿದ ಹೂವು

ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಸಲಹೆಗಾರಳಾಗಿ ನಾನು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ಓದುಗರ ಮುಂದೆ ನಿವೇದಿಸಿಕೊಳ್ಳಬೇಕೆನಿಸಿದೆ. ಅದರಲ್ಲಿ ಯಾರೂ ಯಾರನ್ನೂ ನಿಂದಿಸಲಿಲ್ಲ, ವಂಚಿಸಲಿಲ್ಲ. ಆದರೂ ಅದನ್ನು ನೆನೆದಾಗಲೆಲ್ಲ ಮನಸ್ಸು ಮುದುಡುತ್ತದೆ. ತಿಳಿದು ಮಾಡಿದ ತಪ್ಪಿಗಿಂತ ಗಮನವಿಲ್ಲದೆ ಮಾಡಿದ ತಪ್ಪು ಕೆಲವೊಮ್ಮೆ ಹೆಚ್ಚು ಕಾಲ ಕಾಡುತ್ತದೆ.

ಅಕ್ಟೋಬರ್ 31 ಇಲ್ಲಿ ಹ್ಯಾಲೋವೀನ್ ಆಚರಣೆಯ ದಿನ. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಹಿಂದಿನ ಸಂಜೆ ಎಂಬ ಅರ್ಥದಿಂದಲೇ ಈ ಹೆಸರು ಹುಟ್ಟಿದೆ. ಆಚರಣೆಯ ಬೇರು ಇನ್ನೂ ಹಳೆಯದು. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿನಲ್ಲಿ ಸತ್ತವರ ಆತ್ಮಗಳು ಮರಳಿ ಬರುತ್ತವೆಂದು ನಂಬಿ ಬೆಂಕಿ ಹಾಕಿ, ವೇಷ ಧರಿಸುತ್ತಿದ್ದರು. 19ನೆಯ ಶತಮಾನದಲ್ಲಿ ಅಲ್ಲಿಂದ ವಲಸೆ ಬಂದವರು ಈ ಪದ್ಧತಿಯನ್ನು ತಮ್ಮೊಡನೆ ತಂದರು. ತಮ್ಮ ನಾಡಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪವಿಡುತ್ತಿದ್ದವರಿಗೆ ಇಲ್ಲಿ ದೊಡ್ಡ ಕುಂಬಳಕಾಯಿ ದೊರಕಿತು. ಈಗ ಅದರಲ್ಲಿ ಭಯಕ್ಕಿಂತ ವಿನೋದವೇ ಹೆಚ್ಚು. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಪಡೆಯುತ್ತಾರೆ. ಕಚೇರಿಗಳಲ್ಲಿ ದೊಡ್ಡವರೂ ವೇಷ ಹಾಕುತ್ತಾರೆ.

ನಮ್ಮ ವಿಭಾಗದಲ್ಲಿಯೂ ಆ ರೂಢಿಯಿತ್ತು. ಮೊದಲ ಕೆಲವು ವರ್ಷ ನಾನು ದೂರವೇ ಉಳಿದೆ. ಅದು ಸಹೋದ್ಯೋಗಿಗಳಿಗೆ ಬಿಗುಮಾನವೆಂದು ತೋರತೊಡಗಿತು. 2017ರಲ್ಲಿ ನಾನೂ ಒಪ್ಪಿಕೊಂಡೆ. ಎಲುಬುಗೂಡು, ರಕ್ತದ ಕಲೆ, ಶವಪೆಟ್ಟಿಗೆ ಇವು ನನಗೆ ಒಗ್ಗವು. ಅಂಗಡಿಯಲ್ಲಿ ಹುಡುಕಿ ಜೇನುನೊಣದ ವೇಷವೊಂದನ್ನು ಆರಿಸಿದೆ. ಹಳದಿ ಕಪ್ಪು ಪಟ್ಟೆಗಳ ದುಂಡನೆಯ ನಿಲುವಂಗಿ, ಬೆನ್ನಿಗೆ ಎರಡು ರೆಕ್ಕೆ, ತಲೆಗೆ ಒಂದು ಪಟ್ಟಿ. ಆ ಪಟ್ಟಿಯ ಮೇಲೆ ಸುರುಳಿ ತಂತಿಯ ಎರಡು ಮೀಸೆಗಳು. ತಲೆ ಅಲುಗಿದರೆ ಅವೂ ಕುಣಿಯುತ್ತಿದ್ದವು. ಯಾರಿಗೂ ನೋವಾಗದ ವೇಷವನ್ನು ಆರಿಸಿದೆನೆಂಬ ಸಮಾಧಾನ ನನಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಆಗಸ್ಟ್ ಕೊನೆಗೆ ಆರಂಭವಾಗುವ ಇಲ್ಲಿಯ ಶರತ್ಕಾಲದ ಅವಧಿಯಲ್ಲಿ ಅಕ್ಟೋಬರ್ ತಿಂಗಳು ವಿದ್ಯಾರ್ಥಿಗಳಿಗೆ ಕಠಿಣವಾದುದು. ನಡುವಣ ಪರೀಕ್ಷೆಗಳ ಅಂಕಗಳು ಕೈಸೇರಿರುತ್ತವೆ. ಒಂದು ವಿಷಯದಲ್ಲಿ ತೇರ್ಗಡೆಯಾಗುವ ಆಸೆಯಿಲ್ಲವೆಂದು ಕಂಡರೆ ನಿಗದಿತ ದಿನದೊಳಗೆ ಅದನ್ನು ಕೈಬಿಡಬಹುದು. ಆಗ ಅಂಕಪಟ್ಟಿಯಲ್ಲಿ ಹಿಂತೆಗೆದುಕೊಂಡ ಗುರುತು ಮಾತ್ರ ಇರುತ್ತದೆ, ಸರಾಸರಿಗೆ ಧಕ್ಕೆಯಾಗುವುದಿಲ್ಲ. ದಿನ ಮೀರಿ ಅನುತ್ತೀರ್ಣನಾದರೆ ಆ ವಿಷಯಕ್ಕೆ ಸೊನ್ನೆ. ಗರಿಷ್ಠ 4 ಇರುವ ಈ ಸರಾಸರಿ 2ಕ್ಕಿಂತ ಕೆಳಗಿಳಿದರೆ ನಮ್ಮಲ್ಲಿ ಎಚ್ಚರಿಕೆಯ ಪತ್ರ ಹೋಗುತ್ತದೆ. ಪ್ರಗತಿ ಸಾಲದೆಂದು ಕಂಡರೆ ಸರ್ಕಾರದ ಧನಸಹಾಯವೂ ನಿಲ್ಲಬಹುದು. ಬಡವರ ಮನೆಯ ಮಗನಿಗೆ ಅಲ್ಲಿಗೆ ಓದು ಮುಗಿದಂತೆಯೇ.

ಆ ವರ್ಷ ನಮ್ಮಲ್ಲಿ ವಿಷಯ ಕೈಬಿಡುವ ಕೊನೆಯ ಗಡುವು ಅಕ್ಟೋಬರ್ 31ರ ಸಂಜೆ 5 ಗಂಟೆ. ಅದು ನನಗೆ ತಿಳಿದಿತ್ತು. ಅದೇ ದಿನ ವೇಷದ ದಿನವೆಂಬುದೂ ತಿಳಿದಿತ್ತು. ಆದರೆ ಎರಡನ್ನೂ ಜೊತೆಗಿಟ್ಟು ಯೋಚಿಸಲಿಲ್ಲ. ನನ್ನ ಪ್ರಮಾದವೆಲ್ಲ ಇಷ್ಟರಲ್ಲಿಯೇ ಇದೆ.

ಅಂದು ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಎರಡನೆಯ ವರ್ಷದ ಒಬ್ಬ ಹುಡುಗ ಬಾಗಿಲಲ್ಲಿ ನಿಂತ. ಮೊದಲೇ ಸಮಯ ಗೊತ್ತುಪಡಿಸಿಕೊಂಡಿರಲಿಲ್ಲ. ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ನನ್ನನ್ನು ಕಂಡು ಸೌಜನ್ಯಕ್ಕೆಂಬಂತೆ ಅರೆನಗು ನಕ್ಕು, "ನಿಮಗೆ ಈಗ ಬಿಡುವಿಲ್ಲವೇನೋ, ಇನ್ನೊಮ್ಮೆ ಬರುತ್ತೇನೆ" ಎಂದ. ನಾನು ನಗುತ್ತಾ, "ಈ ಜೇನುನೊಣ ಕುಟುಕುವುದಿಲ್ಲ, ಒಳಗೆ ಬಾ" ಎಂದೆ. ಅವನು ಬಂದು ಕುಳಿತ.

ಎರಡು ವಿಷಯಗಳಲ್ಲಿ ತಾನು ತೀರ ಹಿಂದೆ ಬಿದ್ದಿರುವೆನೆಂದು ಮೆಲ್ಲಗೆ ಹೇಳಿದ. ನಾನು ಸಹಾನುಭೂತಿಯಿಂದ ತಲೆಯಾಡಿಸಿದೆ. ಅವನ ದೃಷ್ಟಿ ನನ್ನ ಮುಖವನ್ನು ಬಿಟ್ಟು ತಲೆಯ ಮೇಲಕ್ಕೆ ಹೋಯಿತು. ಹೊರಗಿನ ಓಣಿಯಲ್ಲಿ ಯಾವುದೋ ವೇಷಕ್ಕೆ ಬಹುಮಾನ ಘೋಷಿಸಿದರು. ಚಪ್ಪಾಳೆ, ನಗು. "ಮನೆಯಲ್ಲಿ ಸ್ವಲ್ಪ ತೊಂದರೆಯಾಗಿದೆ" ಎಂದು ಅವನು ಮಾತು ತೆಗೆದ. "ಹೇಳು" ಎಂದು ಮತ್ತೆ ತಲೆಯಾಡಿಸಿದೆ. ಅವನು ಕ್ಷಣಕಾಲ ಸುಮ್ಮನಿದ್ದು, ತನ್ನ ಕೈಗಳನ್ನು ನೋಡಿಕೊಂಡು, "ಅಷ್ಟೇ, ಬೇರೇನಿಲ್ಲ. ನಾನೇ ನೋಡಿಕೊಳ್ಳುತ್ತೇನೆ" ಎಂದು ಎದ್ದ. 5 ಗಂಟೆಯ ಗಡುವನ್ನು ಜ್ಞಾಪಿಸಿದೆ. ಆಗಲಿ ಎಂದು ಹೊರಟುಹೋದ. ಅಷ್ಟರಲ್ಲಿ ಗೆಳತಿಯೊಬ್ಬಳು ಬಂದು ಎಲ್ಲರ ಜೊತೆ ಫೋಟೋ ತೆಗೆಸಿಕೊಳ್ಳಲು ಕರೆದಳು. ಆ ಫೋಟೋ ಇಂದಿಗೂ ನನ್ನ ಬಳಿ ಇದೆ. ಅದರಲ್ಲಿ ನಾನು ಬಾಯ್ತುಂಬ ನಗುತ್ತಿದ್ದೇನೆ.

ಸಂಜೆ ಮನೆಗೆ ಹೊರಡುವ ಮುನ್ನ ಕೈತೊಳೆಯಲು ಹೋದಾಗ ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡೆ. ಸುಮ್ಮನೆ ತಲೆಯಾಡಿಸಿದೆ. ಎರಡು ಮೀಸೆಗಳೂ ತುಯ್ದಾಡಿದವು. ಆ ಹುಡುಗನು ನೋಡಿದ್ದು ಇದನ್ನೇ ಎಂದು ಆಗ ಹೊಳೆಯಿತು. ಓಡಿಹೋಗಿ ಗಣಕಯಂತ್ರದಲ್ಲಿ ನೋಡಿದರೆ ಅವನು ಯಾವ ವಿಷಯವನ್ನೂ ಕೈಬಿಟ್ಟಿರಲಿಲ್ಲ. ಗಡಿಯಾರ ಐದನ್ನು ದಾಟಿತ್ತು. ಆ ರಾತ್ರಿ ಅವನಿಗೆ ಪತ್ರ ಬರೆದೆ, ಮರುವಾರ ಮತ್ತೊಂದು. ಉತ್ತರ ಬರಲಿಲ್ಲ. ಮನೆಯವರಿಗೆ ತಿಳಿಸೋಣವೆಂದರೆ 1974ರ ಕಾನೂನು ಅಡ್ಡ ಬರುತ್ತದೆ. ಕಾಲೇಜು ಸೇರಿದ ವಿದ್ಯಾರ್ಥಿಯ ಓದಿನ ದಾಖಲೆಗಳ ಮೇಲಿನ ಹಕ್ಕು ತಂದೆತಾಯಿಯಿಂದ ಅವನಿಗೇ ವರ್ಗವಾಗುತ್ತದೆ. ಹೀಗಾಗಿ ಇಲ್ಲಿ ವಿದ್ಯಾರ್ಥಿಯ ಸಂಕಟ ಹಲವು ವೇಳೆ ಸಲಹೆಗಾರರ ಮೇಜಿನವರೆಗೆ ಮಾತ್ರ ಬರುತ್ತದೆ. ಅಲ್ಲಿ ಬಾಗಿಲು ಮುಚ್ಚಿದರೆ ಅದಕ್ಕೆ ಬೇರೆ ಬಾಗಿಲಿಲ್ಲ.

ಎರಡು ವಿಷಯಗಳಲ್ಲಿಯೂ ಅವನು ಅನುತ್ತೀರ್ಣನಾದ. ಜನವರಿಯಲ್ಲಿ ಎಚ್ಚರಿಕೆಯ ಪತ್ರ ಹಿಡಿದು ನನ್ನ ಕೊಠಡಿಗೆ ಬಂದ. ಅಂದು ಎಲ್ಲವನ್ನೂ ಹೇಳಿದ. ಸೆಪ್ಟೆಂಬರಿನಲ್ಲಿ ಅವನ ತಂದೆ ತೀರಿಕೊಂಡಿದ್ದರು. ತಾಯಿಗೆ ನೆರವಾಗಲು ಅವನು ಒಂದು ಸರಕು ಉಗ್ರಾಣದಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದ್ದ. ಬೆಳಗಿನ ತರಗತಿಗಳಿಗೆ ಬರಲಾಗುತ್ತಿರಲಿಲ್ಲ. "ಅಂದೇ ಏಕೆ ಹೇಳಲಿಲ್ಲ?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿದೆಯೆಂದು ಭಾವಿಸಿದ್ದೆ. ನನ್ನ ವೇಷದಿಂದ ಅವನಿಗೆ ಅವಮಾನವಾಗಿರಬೇಕು ಎಂದುಕೊಂಡಿದ್ದೆ. ಅವನು ಹೇಳಿದ್ದೇ ಬೇರೆ. "ನನಗೆ ನಿಮ್ಮ ಮೇಲೆ ಕೋಪ ಬರಲಿಲ್ಲ. ನೀವೆಲ್ಲರೂ ಸಂತೋಷವಾಗಿದ್ದಿರಿ. ಅಪ್ಪ ಸತ್ತ ಮಾತನ್ನು ಅದರ ನಡುವೆ ತಂದಿಡಲು ಮನಸ್ಸಾಗಲಿಲ್ಲ."

ಹತ್ತೊಂಬತ್ತು ವರ್ಷದ ಹುಡುಗ ನನ್ನ ಸಂತೋಷವನ್ನು ಕಾಪಾಡಿದ್ದ. ಅವನ ದುಃಖವನ್ನು ಕಾಯಬೇಕಾದ ಕುರ್ಚಿಯಲ್ಲಿ ಕುಳಿತಿದ್ದವಳು ನಾನು.

ಆಗ ನನಗೆ ನೆನಪಾದವಳು ನನ್ನ ಅಮ್ಮ. ಊರಿನಲ್ಲಿ ಯಾರ ಮನೆಯಲ್ಲಾದರೂ ಸಾವಾದ ಸುದ್ದಿ ಬಂದರೆ ಅವಳು ಹೊರಡುವ ಮೊದಲು ಮುಡಿದಿದ್ದ ಹೂವನ್ನು ತೆಗೆದಿಡುತ್ತಿದ್ದಳು. ಚಿಕ್ಕವಳಾಗಿದ್ದಾಗ ಏಕೆಂದು ಕೇಳಿದ್ದೆ. "ಅವರು ನಮ್ಮ ಮುಖ ನೋಡಿ ಅಳಬೇಕಲ್ಲವೇ ಮಗೂ" ಎಂದಷ್ಟೇ ಹೇಳಿದ್ದಳು. ಹೂ ಮುಡಿಯುವುದು ತಪ್ಪೆಂದು ಅವಳು ಎಂದೂ ಹೇಳಲಿಲ್ಲ. ಮನೆಗೆ ಹಿಂದಿರುಗಿ, ಸ್ನಾನ ಮಾಡಿ, ಮರುದಿನ ಮತ್ತೆ ಮುಡಿಯುತ್ತಿದ್ದಳು. ನಾವು ದುಃಖದ ಮನೆಗೆ ಹೋಗುವಾಗ ಈ ವಿವೇಕ ತಾನಾಗಿ ಬರುತ್ತದೆ. ದುಃಖವೇ ನಮ್ಮ ಮನೆಬಾಗಿಲಿಗೆ, ಹೇಳದೆ ಕೇಳದೆ ಬಂದು ನಿಂತಾಗ ಹೂ ತೆಗೆಯಬೇಕೆಂಬುದು ನನಗೆ ಹೊಳೆಯಲಿಲ್ಲ.

ಕುಟುಂಬದಲ್ಲಿ ಸಾವು ಸಂಭವಿಸಿದ್ದರೆ ಗಡುವು ಮೀರಿದ ಮೇಲೂ ವಿಷಯಗಳನ್ನು ಹಿಂತೆಗೆದುಕೊಳ್ಳಲು ನಮ್ಮಲ್ಲಿ ಒಂದು ಸಮಿತಿಗೆ ಮನವಿ ಸಲ್ಲಿಸುವ ಅವಕಾಶವುಂಟು. ಸಲಹೆಗಾರರೂ ಒಂದು ಪತ್ರ ಬರೆಯಬೇಕು. ವಿದ್ಯಾರ್ಥಿಯು ಗಡುವಿನ ದಿನವೇ ಸಲಹೆಗಾರರ ಬಳಿ ಬಂದಿದ್ದೂ ಏಕೆ ಕೈಬಿಡಲಿಲ್ಲವೆಂದು ಸಮಿತಿ ಕೇಳುವುದು ನಿಶ್ಚಿತ. ವಿದ್ಯಾರ್ಥಿ ತನ್ನ ಕಾರಣವನ್ನು ತಿಳಿಸಲಿಲ್ಲವೆಂದು ಬರೆದರೆ ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಸತ್ಯವು ಹೊಣೆಯನ್ನೆಲ್ಲ ಅವನ ಹೆಗಲಿಗೆ ಹೊರಿಸುತ್ತಿತ್ತು. ಎರಡು ದಿನ ಹಿಂದುಮುಂದು ನೋಡಿದೆ. ಕೊನೆಗೆ, ಅಂದು ಕಚೇರಿಯಲ್ಲಿ ವಿನೋದಕೂಟ ನಡೆಯುತ್ತಿತ್ತೆಂದೂ, ನಾನು ಹಾಸ್ಯದ ವೇಷದಲ್ಲಿಯೇ ಅವನನ್ನು ಕಂಡೆನೆಂದೂ, ಅಂತಹ ಮಾತನ್ನು ಆಡಲು ಬೇಕಾದ ವಾತಾವರಣವನ್ನು ನಾನು ಕಲ್ಪಿಸಿಕೊಡಲಿಲ್ಲವೆಂದೂ ಬರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ಓದಿ, "ಈ ಮಾತು ಅನಗತ್ಯ. ಇದು ನಿಮ್ಮ ಹೆಸರಿನೊಡನೆ ಕಡತದಲ್ಲಿ ಉಳಿಯುತ್ತದೆ" ಎಂದರು. ಉಳಿಯಲಿ ಎಂದುಕೊಂಡೆ.

ಸಮಿತಿ ಮನವಿಯನ್ನು ಒಪ್ಪಿತು. ಅವನು ಕಡಿಮೆ ವಿಷಯಗಳನ್ನು ತೆಗೆದುಕೊಂಡು, ತಡವಾಗಿಯಾದರೂ ಪದವಿ ಮುಗಿಸಿದ.

ಹಾಗೆಂದು ವೇಷವೇ ಕೂಡದೆಂಬ ತೀರ್ಮಾನಕ್ಕೆ ನಾನು ಬರಲಿಲ್ಲ. ಮತ್ತೊಂದು ವರ್ಷ ಮೊದಲ ಸಲ ಮನೆ ಬಿಟ್ಟು ಬಂದಿದ್ದ ಹುಡುಗಿಯೊಬ್ಬಳು ನನ್ನ ತಲೆಯ ಮೇಲಿನ ಮೊನಚು ಟೋಪಿಯನ್ನು ಕಂಡು ನಕ್ಕು, ಆ ನಗುವಿನಲ್ಲಿಯೇ ಸಂಕೋಚ ಬಿಟ್ಟು ತನ್ನ ಕಷ್ಟವನ್ನೆಲ್ಲ ಹೇಳಿಕೊಂಡಳು. ಒಬ್ಬರಿಗೆ ಬಾಗಿಲಾದುದು ಇನ್ನೊಬ್ಬರಿಗೆ ಗೋಡೆಯಾಗುತ್ತದೆ. ಎದುರಿಗೆ ಬಂದವರು ಯಾರೆಂದು ನೋಡುವ ಮೊದಲು ಅದು ತಿಳಿಯುವಂತಿಲ್ಲ. ಆದ್ದರಿಂದ ಈಗ ನಾನು ಎರಡು ನಿಯಮಗಳನ್ನು ಪಾಲಿಸುತ್ತೇನೆ. ಒಂದು, ಅಂದಿನ ದಿನ ಯಾವ ಗಡುವು ಇದೆಯೆಂದು ಮೊದಲು ನೋಡಿಕೊಳ್ಳುವುದು. ಎರಡು, ಒಂದೇ ಕೈಯಿಂದ ಒಂದೇ ಕ್ಷಣದಲ್ಲಿ ತೆಗೆದಿಡಬಹುದಾದುದನ್ನು ಮಾತ್ರ ಧರಿಸುವುದು. ಬಾಗಿಲಲ್ಲಿ ಯಾರಾದರೂ "ಇನ್ನೊಮ್ಮೆ ಬರುತ್ತೇನೆ" ಎಂದರೆ ಮೊದಲು ಅದನ್ನು ತೆಗೆದಿಟ್ಟು, ಬಾಗಿಲು ಮುಚ್ಚಿ, ಆಮೇಲೆ ಮಾತನಾಡುತ್ತೇನೆ.

ಇದು ದೂರದ ದೇಶದ, ನಮ್ಮದಲ್ಲದ ಹಬ್ಬವೊಂದರ ಕಥೆಯೆಂದು ಓದುಗರಿಗೆ ತೋರಬಹುದು. ಆದರೆ ಮೇಜಿನ ಹಿಂದೆ ಕುಳಿತು ಇತರರ ಕಷ್ಟ ಕೇಳುವವರು ಎಲ್ಲೆಡೆಯೂ ಇದ್ದಾರೆ. ನಮ್ಮ ಬಸದಿಗಳ ಕಚೇರಿಗೆ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬರುವ ಹುಡುಗನಿದ್ದಾನೆ, ಉತ್ಸವದ ಗಡಿಬಿಡಿಯ ನಡುವೆ ಮೂಲೆಯಲ್ಲಿ ನಿಂತು ಕಾಯುವ ವಿಧವೆಯಿದ್ದಾಳೆ. ನಮ್ಮ ಜರತಾರಿ, ನಮ್ಮ ಹಾರ, ನಮ್ಮ ನಗು ಅವರನ್ನು ನಿಂದಿಸುವುದಿಲ್ಲ ನಿಜ. ಅವರು ನಮ್ಮ ಸಂಭ್ರಮಕ್ಕೆ ಭಂಗ ಬರಬಾರದೆಂದು ತಮ್ಮ ಮಾತನ್ನು ನುಂಗಿಕೊಂಡು ಹಿಂದಿರುಗಬಹುದು. ಹಾಗೆ ಹಿಂದಿರುಗುವವರನ್ನು ಕರೆದು ಕೂರಿಸಿ, ಅರೆಗಳಿಗೆ ಹಾರವನ್ನು ತೆಗೆದಿಟ್ಟು ಕೇಳುವುದಕ್ಕೆ ಖರ್ಚೇನೂ ಇಲ್ಲ.